ಕರೆಂಟಿನ ಮ್ಯಾಂಡೊಲಿನ್ ಎಂಬ ಮಂಡೆಬೆಚ್ಚ

ಸಂಗೀತ ಬಾರದವರಲ್ಲಿ ಎರಡು ಬಗೆ. ಬಾರದೆಂದು ತಿಳಿದು ಸುಮ್ಮನಿರುವವರು ಒಂದು ಬಗೆ. ನಾನು ಎಲೆಕ್ಟ್ರಿಕ್ ಮ್ಯಾಂಡೊಲಿನ್ ಕೊಂಡವನು. ಎಂಬತ್ತರ ದಶಕದಲ್ಲಿ ಬಂಟ್ವಾಳದ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ಟ್ರಾಗಿದ್ದಾಗ ಅದು ನನ್ನ ಬಾಡಿಗೆ ಕೋಣೆಗೆ ಬಂತು. ಕಂಕುಳಲ್ಲಿ ಅಡಗುವಷ್ಟು ವಾದ್ಯ, ಅದಕ್ಕೆ ಟ್ರಂಕಿನಷ್ಟು ದೊಡ್ಡ ಆಂಪ್ಲಿಫಯರ್. ಮನೆಯೊಡತಿಗೆ ಹೆಸರು ನಾಲಗೆಗೆ ಸಿಕ್ಕದೆ ಮೊದಲು ‘ಮಂಡೆಲಿನ್’ ಎಂದರು. ಒಂದು ವಾರ ಕೇಳಿದ ಮೇಲೆ ‘ಮಂಡೆಬೆಚ್ಚ’ ಎಂದೇ ಕರೆಯತೊಡಗಿದರು. ತಲೆಬಿಸಿಗೆ ನಮ್ಮ ಕಡೆ ಹಾಗೆನ್ನುತ್ತಾರೆ.

ಎಲ್ಲ ಬಗೆಯ ಸಂಗೀತಕ್ಕೂ ಒಗ್ಗುವ ವಾದ್ಯ ಎಂದು ಅಂಗಡಿಯವ ನಂಬಿಸಿದ್ದ. ಪುಂಜಾಲಕಟ್ಟೆಯ ಭಜನೆಯಲ್ಲಿ ನುಡಿಸಿದೆ. “ಇದು ಸಿನಿಮಾ ಆಯ್ತಲ್ಲ ಮಾರಾಯ” ಎಂದರು. ಮೂಡುಬಿದಿರೆಯ ಮದುವೆಗಳಲ್ಲಿ ಆರ್ಕೆಸ್ಟ್ರಾದ ಜೊತೆ ಪ್ರೇಮಗೀತೆ ನುಡಿಸಿದರೆ ಊಟಕ್ಕೆ ಕೂತವರು ಭಜನೆಯೆಂದು ಕೈ ತಟ್ಟಿದರು. ಗಮಕ ಬರಬೇಕಾದರೆ ತಂತಿ ಎಳೆಯಬೇಕು ಎಂದ ಬೆಳ್ತಂಗಡಿಯ ಪಿಟೀಲು ಗುರುಗಳು, ನಾನು ಎಳೆದದ್ದು ಕೇಳಿ, “ಬಿಡಿ, ಅದಕ್ಕೂ ಜೀವ ಉಂಟು” ಎಂದರು.

ಆ ಹೊತ್ತಿಗೇ ಉಜಿರೆಯಿಂದ ಶಾರದಾಳ ಸಂಬಂಧ ಬಂತು. ನೋಡಿದ ಕೂಡಲೇ ಮನಸ್ಸು ಅಲ್ಲೇ ನಿಂತಿತು. ಆದರೆ ಅವಳ ಅಪ್ಪ ಸಂಗೀತದ ಹುಚ್ಚಿನವರು. “ಒಂದು ವರ್ಣ ನುಡಿಸಿ ಮಾಸ್ಟ್ರೇ, ಕೇಳಿದ ಮೇಲೆ ಮಾತಾಡುವ” ಎಂದರು. ಜೊತೆಗೆ ಹೊತ್ತು ತಂದಿದ್ದ ಆಂಪ್ಲಿಫಯರನ್ನು ಅವರ ಜಗಲಿಯಲ್ಲಿಟ್ಟು ಪ್ಲಗ್ಗು ಸಿಕ್ಕಿಸಿದೆ. ಶಾರದಾ ಕಾಫಿ ತರಲು ಒಳಗೆ ಹೋದಳು. ಇನ್ನೇನು ಮೀಟಬೇಕು, ಕರೆಂಟ್ ಹೋಯಿತು.

“ಹಾಗೆಯೇ ನುಡಿಸಿ, ತೊಂದರೆ ಇಲ್ಲ” ಎಂದರು ಅವರು. ಕರೆಂಟಿಲ್ಲದ ಆ ವಾದ್ಯಕ್ಕೆ ಸೊಳ್ಳೆಯಷ್ಟೇ ಧ್ವನಿ. ಅವರು ಕುರ್ಚಿ ಎಳೆದು, ಕಿವಿ ಕೊಟ್ಟು, ಕಣ್ಣು ಮುಚ್ಚಿದರು. ತಪ್ಪಿದ ಗಮಕಗಳೆಲ್ಲ ಅಂಗಳದ ಕಾಗೆಗಳ ಗಲಾಟೆಯಲ್ಲಿ ಮುಳುಗಿಹೋದವು. “ಎಷ್ಟು ವಿನಯ ಉಂಟು ನಿಮ್ಮ ವಾದನದಲ್ಲಿ! ಯಾರಿಗೂ ಉಪದ್ರ ಇಲ್ಲ” ಎಂದು ಮೆಚ್ಚಿ, ಅಂದೇ ಮಾತು ಕೊಟ್ಟರು.

ಮದುವೆಯಾದ ಮೊದಲ ದೀಪಾವಳಿಗೆ ಅದೇ ಜಗಲಿಯಲ್ಲಿ, ಕರೆಂಟ್ ಇರುವಾಗ, ಅದೇ ವರ್ಣವನ್ನು ಹೆಮ್ಮೆಯಿಂದ ನುಡಿಸಿದೆ. ಮಾವ ಕೊನೆಯವರೆಗೂ ಕೇಳಿದರು. ಆಮೇಲೆ ಮಗಳ ಕಡೆ ತಿರುಗಿ, “ಆ ದಿನ ಕರೆಂಟ್ ಹೋಗದಿದ್ರೆ ಸ್ವಲ್ಪ ಯೋಚನೆ ಮಾಡಬಹುದಿತ್ತು ಮಗಳೇ” ಎಂದರು.

“ಹೋದದ್ದಲ್ಲ ಅಪ್ಪ, ನಾನೇ ಮೇನ್ ಸ್ವಿಚ್ ತೆಗೆದದ್ದು. ಮೂಡುಬಿದಿರೆಯಲ್ಲಿ ಒಂದು ಮದುವೆಗೆ ಹೋದಾಗ ಇವರು ನುಡಿಸುವುದನ್ನು ಕೇಳಿದ್ದೆ” ಎಂದಳು ಶಾರದಾ.

ಇದನ್ನು ಪ್ರೀತಿ ಎನ್ನಬೇಕೋ ವಿಮರ್ಶೆ ಎನ್ನಬೇಕೋ ತಿಳಿಯದೆ, ನಾನು ಶ್ರುತಿ ಸರಿಮಾಡುವವನಂತೆ ತಲೆ ತಗ್ಗಿಸಿ ಕೂತೆ.