ಹನ್ನೆರಡು ಫ್ರೆಟ್ಟಿನ ಗಿಟಾರಿಗೆ ಸುಳಿ ನೋಡಿದ ಮಾವ

ನಮ್ಮ ಸೋದರಮಾವ ಈ ಭೂಮಿಯ ಮೇಲೆ ಹೆದರದೇ ಇರುವುದು ಒಂದಕ್ಕೇ, ಎತ್ತಿಗೆ. ಉಳಿದದ್ದಕ್ಕೆಲ್ಲ ಹೆದರುತ್ತಾನೆ. ಉತ್ಪ್ರೇಕ್ಷೆ ಅನ್ನಿಸಿದರೆ ತಿಳವಳ್ಳಿಗೆ ಬಂದು ಅವನ ಮುಂದೆ ಒಂದು ಕೋಳಿ ಬಿಟ್ಟು ನೋಡಿ! ಕೋಳಿ, ಹಲ್ಲಿ, ಮಿಕ್ಸರ್, ಪರಿಚಯವಿಲ್ಲದ ನಂಬರಿನಿಂದ ಬರುವ ಫೋನು, ಡಾಕ್ಟರರ ಕೈಬರಹ, ಎಲ್ಲವೂ ಅವನಿಗೆ ಒಂದೇ. ಅತ್ತೆ ಗ್ಯಾಸ್ ಹೊತ್ತಿಸುವಾಗ ಅವನು ಹೊಸ್ತಿಲಾಚೆ, ತುಂಬಿದ ಕೊಡದ ಪಕ್ಕ ನಿಂತಿರುತ್ತಾನೆ. ಮದುವೆಯಾದಾಗಿನಿಂದ ಹೀಗೇ ನಿಂತಿದ್ದಾನೆ. ಮನೆಗೆ ಇವತ್ತಿನವರೆಗೂ ಬೆಂಕಿ ಬಿದ್ದಿಲ್ಲ, ಅದು ತಾನು ನಿಂತದ್ದರಿಂದಲೇ ಎಂದು ಅವನ ವಾದ. ಅಲ್ಲ ಎಂದು ಹೇಗೆ ಸಾಧಿಸುತ್ತೀರಿ?

ಎತ್ತಿನ ಮಾತು ಬೇರೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ರೈತರು ಎತ್ತು ಕೊಳ್ಳುವ ಮೊದಲು ಮಾವನನ್ನು ಕರೆದೊಯ್ಯುತ್ತಾರೆ. ಹಲ್ಲು ಎಣಿಸಿ ವಯಸ್ಸು ಹೇಳುತ್ತಾನೆ, ಮೈಮೇಲೆ ಕೂದಲು ಸುತ್ತಿಕೊಂಡ ಸುಳಿ ನೋಡಿ ಅದೃಷ್ಟ ಹೇಳುತ್ತಾನೆ. ಒಮ್ಮೆ ದೀಪಾವಳಿಗೆ ಹೋರಿ ಬೆದರಿಸುವ ಸ್ಪರ್ಧೆಯ ದಿನ ಹಗ್ಗ ಹರಿದುಕೊಂಡು ಓಣಿಗೆ ನುಗ್ಗಿದ ಹೋರಿಯ ಮೂಗುದಾರ ಹಿಡಿದು, ‘ಏನೋ ತಮ್ಮಾ, ಏನಾತು?’ ಎಂದು ಮಾತಾಡಿಸಿದ. ಹೋರಿ ನಿಂತಿತು. ಆ ಖುಷಿಗೆ ಅದರ ಒಡೆಯ ಒಂದು ಪಟಾಕಿ ಹಚ್ಚಿದ. ಆಮೇಲೆ ಮಾವನನ್ನು ಹುಡುಕಿದಾಗ ಅವನು ದನದ ಕೊಟ್ಟಿಗೆಯಲ್ಲಿ ಗೋದಲಿಯ ಹಿಂದೆ ಕುಳಿತಿದ್ದ.

ಅತ್ತೆ ಇದಕ್ಕೆಲ್ಲ ತದ್ವಿರುದ್ಧ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಪಕ್ಕದ ಮನೆಯ ಗಾರ್ಡ್ ಸಾಹೇಬರಿಂದ ಗಿಟಾರು ಕಲಿತವಳು. ಗೋವಿನಜೋಳ ಬೆಳೆಯುವ ಮನೆಗೆ ಸೊಸೆಯಾಗಿ ಬರುವಾಗ ಎಲ್ಲರೂ ಹೊಲಿಗೆ ಮಿಷನ್ ತಂದರೆ ಇವಳು ಗಿಟಾರು ತಂದಳು. ಸಂಜೆ ದನಗಳಿಗೆ ನೀರು ಕುಡಿಸಿ ಕಟ್ಟೆಯ ಮೇಲೆ ಕುಳಿತು ಬಾರಿಸುತ್ತಿದ್ದರೆ ಓಣಿಯ ಹೆಂಗಸರು ಹುಣಸೆಹಣ್ಣು ಬಿಡಿಸುತ್ತ ಕೇಳುತ್ತಿದ್ದರು. ಹೆದರಿಕೆ ಎಂದರೇನು ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಖಾತೆಯನ್ನು ಪೂರ್ತಿ ಗಂಡನಿಗೆ ಬಿಟ್ಟುಕೊಟ್ಟಿದ್ದಳು.

ಹೋದ ವರ್ಷ ಅವಳ ಎದೆಯಲ್ಲಿ ಗಂಟು ಕಂಡಿತು. ಹುಬ್ಬಳ್ಳಿಯಲ್ಲಿ ಎಡಗಡೆ ಆಪರೇಷನ್ ಆಯಿತು. ಕೂದಲು ಉದುರಿತು, ಮತ್ತೆ ಬಂತು. ಎಡಗೈ ಮಾತ್ರ ಮೊದಲಿನ ಹಾಗೆ ಚಾಚಲು ಬರುವುದಿಲ್ಲ. ಆ ಕಾಯಿಲೆಯ ಹೆಸರನ್ನು ಮಾವ ಇವತ್ತಿಗೂ ಹೇಳುವುದಿಲ್ಲ. ‘ಆ ಬ್ಯಾನಿ’ ಅನ್ನುತ್ತಾನೆ, ಅದೂ ಬಾಯಿಗೆ ಟವೆಲ್ ಅಡ್ಡ ಹಿಡಿದು.

ಮೊನ್ನೆ ಮೊನ್ನೆ ಒಂದು ಸಂಜೆ ಅತ್ತೆ ಬಹಳ ದಿನಗಳ ಮೇಲೆ ಗಿಟಾರು ತೆಗೆದಳಂತೆ. ದೊಡ್ಡ ಪೆಟ್ಟಿಗೆ ಎದೆಗೆ ಒತ್ತಿತು. ಎಡಗೈ ಕುತ್ತಿಗೆಯ ತುದಿಯವರೆಗೆ ಹೋಗಲೇ ಇಲ್ಲ, ನಡುವೆಯೇ ನಿಂತಿತು. ಮತ್ತೆ ಮತ್ತೆ ನೋಡಿದಳು. ಕೊನೆಗೆ, ‘ಕುತ್ತಿಗಿ ಗಿಡ್ಡ ಇರೂದು ಒಂದು ಜಾತಿ ಬರತೈತ್ರಿ, ಹನ್ನೆರಡು ಫ್ರೆಟ್ಟಿಂದು. ಪೆಟಗಿನೂ ಸಣ್ಣದು. ಅಂಥಾದ್ರಾಗ ಕೈ ಮುಟ್ಟತಿತ್ತೋ ಏನೋ. ಇರ್ಲಿ ಬಿಡ್ರಿ’ ಎಂದು ಗಿಟಾರನ್ನು ಚೀಲಕ್ಕೆ ಹಾಕಿ, ಅಟ್ಟಕ್ಕೆ ಏರಿಸಲು ಮಾವನ ಕೈಗೆ ಕೊಟ್ಟಳು.

ಮಾವನಿಗೆ ಇದರಲ್ಲಿ ಚೆನ್ನಾಗಿ ತಿಳಿದದ್ದು ‘ಜಾತಿ’ ಒಂದೇ. ಕಿಲಾರಿ ಒಂದು ಜಾತಿ, ಅಮೃತಮಹಲ್ ಒಂದು ಜಾತಿ, ಹನ್ನೆರಡು ಫ್ರೆಟ್ಟಿನ ಗಿಟಾರು ಒಂದು ಜಾತಿ. ಮರುದಿನ ಬೆಳಿಗ್ಗೆ ಹಾನಗಲ್ಲಿನ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ.

‘ಗಾಡಿ ತಗಿ ಬೇ. ಗಿಟಾರ್ ನೋಡಾಕ ಹೋಗೂಣು. ನಿಮ್ಮತ್ತಿಗೆ ಹೇಳಬ್ಯಾಡ.’

‘ಯಾಕ ಹೇಳಬಾರ್ದು?’

‘ಸಿಗದಿದ್ರ? ಸಿಕ್ಕೂ ಕೈ ಮುಟ್ಟದಿದ್ರ? ಆಕಿ ಇನ್ನೊಮ್ಮಿ ಅದನ್ನ ಚೀಲಕ್ಕ ಹಾಕೂದು ನನ್ನ ಕಡಿಂದ ನೋಡಾಕ ಆಗಂಗಿಲ್ಲ.’ ಆಮೇಲೆ ಬಾಯಿಗೆ ಟವೆಲ್ ಅಡ್ಡ ಹಿಡಿದು, ‘ಸೋಮವಾರ ತಪಾಸಣಿ ಐತಿ. ಬ್ಯಾನಿ ತಿರುಗಿ ಬಂದೈತೋ ಇಲ್ಲೋ ನೋಡ್ತಾರ. ಅದರೊಳಗ ಸಿಗಬೇಕು’ ಅಂದ.

ತಾಳ್ಮೆ ಕಡಿಮೆಯವಳು ಎಂದು ಬಳಗದಲ್ಲೆಲ್ಲ ನನಗೆ ಹೆಸರು. ಅಂಥ ನನ್ನ ಕಾರಿನಲ್ಲಿ ಅಂಥ ಮಾವ! ಮುಂದಿನ ಸೀಟಿಗೆ ಹೆದರಿಕೆ ಎಂದು ಹಿಂದೆ ಕುಳಿತು, ರಸ್ತೆ ಬದಿಯಲ್ಲಿ ನಿಂತ ಟ್ರ್ಯಾಕ್ಟರಿಗೆಲ್ಲ ಹಾರ್ನ್ ಹೊಡೆಸಿದ. ‘ಅದು ನಿಂತೈತಿ ಮಾವಾ’ ಅಂದೆ. ‘ನಿಂತದ್ದು ಹೊಂಟ್ರ?’ ಅಂದ. ನಾನು ಹಾರ್ನ್ ಹೊಡೆದೆ.

ನಮ್ಮ ಕಡೆ ಗಿಟಾರಿನ ಅಂಗಡಿ ಎಲ್ಲಿಂದ ಬರಬೇಕು? ಮೊಬೈಲಿನಲ್ಲಿ ಹಳೆ ಸಾಮಾನು ಮಾರುವವರ ಜಾಹೀರಾತು ನೋಡಿ ಮನೆ ಮನೆ ಹುಡುಕಿಕೊಂಡು ಹೋಗಬೇಕಿತ್ತು. ಮೊದಲನೆಯದು ಶಿಗ್ಗಾಂವಿಯಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ತರುಣನ ಮನೆ. ಗೇಟು ತೆರೆದ ಕೂಡಲೇ ಅಂಗೈ ಅಗಲದ ಒಂದು ನಾಯಿಮರಿ ಓಡಿಬಂದು ಮಾವನ ಚಪ್ಪಲಿ ನೆಕ್ಕಿತು. ಹೆದರುವವರ ಮೇಲೆ ಕಪ್ಪೆ ಎಸೆದ ಹಾಗಾಯಿತು. ಮಾವ ಕಟ್ಟೆ ಹತ್ತಿ ನಿಂತ, ಗಿಟಾರನ್ನು ಅಲ್ಲಿಗೇ ತರಿಸಿಕೊಂಡ, ಕುತ್ತಿಗೆಯ ಮೇಲೆ ಅಡ್ಡ ಬಡಿದ ಫ್ರೆಟ್ಟುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದ.

‘ಇಪ್ಪತ್ತ ಅದಾವ್ರಿ. ನಮಗ ಹನ್ನೆರಡು ಸಾಕು. ಎಂಟು ಕಿತ್ತು ಕೊಡ್ತೀರೇನು?’

ಆ ತರುಣ ಪಾಪ ಒಳ್ಳೆಯವನು, ನಗು ನುಂಗಿಕೊಂಡು ಬಿಡಿಸಿ ಹೇಳಿದ. ಎಣಿಸಬೇಕಾದದ್ದು ಎಲ್ಲವನ್ನೂ ಅಲ್ಲ, ಕುತ್ತಿಗೆ ಪೆಟ್ಟಿಗೆಗೆ ಸೇರುವವರೆಗಿನದನ್ನು ಮಾತ್ರ. ಈಗಿನವುಗಳಲ್ಲಿ ಸಾಮಾನ್ಯವಾಗಿ ಅಲ್ಲಿಗೆ ಹದಿನಾಲ್ಕು. ಹಳೆಯ ಮಾದರಿಯ ಕೆಲವು ಮಾತ್ರ ಹನ್ನೆರಡಕ್ಕೇ ಸೇರುತ್ತವೆ, ಅದಕ್ಕೇ ಕೈ ದೂರ ಚಾಚಬೇಕಿಲ್ಲ. ನೈಲಾನ್ ತಂತಿಯವೂ ಹನ್ನೆರಡಕ್ಕೇ ಸೇರುತ್ತವೆ, ಆದರೆ ಅವುಗಳ ಕುತ್ತಿಗೆ ಅಗಲ, ಉಕ್ಕಿನ ತಂತಿ ರೂಢಿಯಾದವರ ಕೈಗೆ ಒಗ್ಗುವುದಿಲ್ಲ. ಮಾವ ಇದನ್ನೆಲ್ಲ ಕಿವಿಗೊಟ್ಟು ಕೇಳಿ, ‘ನಾಯಿ ಕಟ್ಟಿ ಹಾಕ್ರಿ, ನಾವು ಹೊರಡ್ತೇವಿ’ ಅಂದ.

ಮರುದಿನ ಸವಣೂರು. ವೀಳ್ಯದೆಲೆ ವ್ಯಾಪಾರದವರ ಮನೆ. ಮಗಳು ಕಲಿಯುತ್ತೇನೆಂದು ತರಿಸಿ ಒಂದೇ ತಿಂಗಳಿಗೆ ಬಿಟ್ಟದ್ದಂತೆ. ಕುತ್ತಿಗೆ ಸೇರುವವರೆಗೆ ಎಣಿಸಿದೆವು. ಹನ್ನೆರಡು! ನಾನು ಕುರ್ಚಿಯ ತುದಿಗೆ ಬಂದೆ. ಮಾವ ಮೊಬೈಲಿನ ಟಾರ್ಚು ಹಚ್ಚಿ ಗಿಟಾರಿನ ಹೊಟ್ಟೆಯ ತೂತಿನೊಳಗೆ ಇಣುಕಿದ. ‘ಹಲ್ಲಿಲ್ಲ. ವಯಸ್ಸು ಹ್ಯಾಂಗ ಹೇಳೂದು?’ ಎಂದು ಗೊಣಗಿದ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಎಡ ರಟ್ಟೆಯನ್ನು ಪಕ್ಕೆಗೆ ಸೇರಿಸಿ ಕಟ್ಟಿಕೊಂಡ. ಒಮ್ಮೆ ಸಡಿಲ ಮಾಡಿದ, ಮತ್ತೆ ಬಿಗಿ ಮಾಡಿದ. ಮನೆಯ ಯಜಮಾನರು ಗಾಬರಿಯಾಗಿ, ‘ಕೈ ಮುರದೈತೇನ್ರಿ?’ ಎಂದು ನನ್ನನ್ನು ಕೇಳಿದರು.

‘ಇದೇನ ಮಾವಾ, ಮಂದಿ ಮನ್ಯಾಗ?’

‘ನಿಮ್ಮತ್ತಿ ಕೈ ಇಷ್ಟ ಹೋಗತೈತಿ’ ಅಂದ. ‘ಉಪ್ಪಿನಕಾಯಿ ಭರಣಿ ಇಳಸುವಾಗ ನೋಡೇನಿ, ಸೀರಿ ಒಣಾ ಹಾಕುವಾಗ ನೋಡೇನಿ.’

ನನ್ನ ಸಿಟ್ಟು ಇಳಿಯಿತು. ಹೊಸ್ತಿಲಾಚೆ ನಿಂತು ಈ ಮನುಷ್ಯ ವರ್ಷವಿಡೀ ನೋಡುತ್ತಿದ್ದದ್ದು ಬರೀ ಬೆಂಕಿಯನ್ನಲ್ಲ. ಕಟ್ಟಿಕೊಂಡ ಕೈಯನ್ನು ಮಾವ ನಿಧಾನವಾಗಿ ಚಾಚಿದ. ಬೆರಳು ಮೊದಲ ಫ್ರೆಟ್ಟಿಗೆ ಮುಟ್ಟಿತು. ಇನ್ನೇನು ವ್ಯಾಪಾರ ಮುಗಿಯಿತು ಅನ್ನುವಾಗ ಗಿಟಾರನ್ನು ಬೋರಲು ಹಾಕಿ ಬೆನ್ನು ಸವರಿದ. ಅಲ್ಲಿ ಮರದ ಗೆರೆಗಳು ಒಂದು ಗಂಟಿನ ಸುತ್ತ ತಿರುಗಿಕೊಂಡಿದ್ದವು. ಮಾವ ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದ.

‘ಇದು ಬ್ಯಾಡ. ಒಡತೀನ ನುಂಗೂ ಸುಳಿ.’

‘ಇದು ಕಟ್ಟಿಗಿ ಮಾವಾ. ಇದಕ್ಕ ಕೂದಲ ಎಲ್ಲೈತಿ?’

ಮಾವ ಆಗಲೇ ಹೊರಗೆ ಹೋಗಿ ಕಾರಿನ ಬಾಗಿಲು ಹಿಡಿದು ನಿಂತಿದ್ದ. ನಾನು ಆ ಯಜಮಾನರಿಗೆ ಏನೇನೋ ಸಬೂಬು ಹೇಳಿ ಬಂದೆ. ದಾರಿಯುದ್ದಕ್ಕೂ ಬೈದೆ. ಇಂಥ ಜಾತಿ ಮತ್ತೆ ಎಲ್ಲಿ ಸಿಗಬೇಕು, ಸೋಮವಾರ ಹತ್ತಿರ ಬಂತು, ನಿನ್ನ ಸುಳಿಗೆ ಬೆಂಕಿ ಬೀಳಲಿ, ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಮಾವ ಎಲ್ಲ ಕೇಳಿಸಿಕೊಂಡ.

‘ಎತ್ತು ಹೊಲದಾಗ ಇರತೈತಿ’ ಅಂದ ಕೊನೆಗೆ. ‘ಇದು ಆಕಿ ಎದಿ ಮ್ಯಾಲೆ ಕುಂದ್ರತೈತಿ.’

ಹೆದರಿಕೆ ಅಂಟುರೋಗ ನೋಡಿ. ಅವತ್ತಿನಿಂದ ನನಗೂ ಅಂಟಿತು. ಸೋಮವಾರ ಡಾಕ್ಟರರು ಏನು ಹೇಳುತ್ತಾರೋ, ಅತ್ತೆಯ ಮುಖ ಹೇಗಿರುತ್ತದೋ ಎಂಬ ಯೋಚನೆ ಬಂದಾಗಲೆಲ್ಲ ಅಡುಗೆ ಮನೆಯಲ್ಲಿ ಹಾಲು ಉಕ್ಕಿ ಹೋಗುತ್ತಿತ್ತು. ಮನೆಯವರು ‘ನೀನೂ ಮಾವನ ಹಾದಿ ಹಿಡದಿಯೇನು?’ ಎಂದು ಕೇಳಿದರು. ಹಿಡಿದಿದ್ದೆ.

ಶುಕ್ರವಾರ ಹಿರೇಕೆರೂರಿನಿಂದ ಒಂದು ಫೋಟೋ ಬಂತು. ಅಬಲೂರಿನ ದಾರಿಗೆ ಇದ್ದ ಮನೆ, ನಿವೃತ್ತರಾದ ಡ್ರಾಯಿಂಗ್ ಮಾಸ್ತರರದು. ಬೆರಳಿನ ಗೆಣ್ಣುಗಳು ಬಾತು ಇನ್ನು ಬಾರಿಸಲು ಆಗುವುದಿಲ್ಲವೆಂದು ಕೊಡಲು ಹೊರಟಿದ್ದರು. ಮಾವ ಹೋದವನೇ ಟವೆಲ್ ತೆಗೆದು ರಟ್ಟೆ ಕಟ್ಟಿಕೊಂಡ.

‘ಕೈಗೆ ಏನಾತ್ರಿ?’ ಎಂದು ಮಾಸ್ತರರು ಕೇಳಿದರು.

‘ನನ್ನ ಕೈಗೆ ಏನೂ ಆಗಿಲ್ರಿ. ಇದು ನಮ್ಮ ಮನಿಯಾಕಿ ಕೈ.’

ಮಾಸ್ತರರು ಒಳಗಿನಿಂದ ಒಂದು ಗಿಡ್ಡ ಮಣೆ ತಂದು ಮಾವನ ಕಾಲಡಿ ಇಟ್ಟರು, ಗಿಟಾರನ್ನು ತೊಡೆಯ ಮೇಲೆ ಹೇಗೆ ಕೂರಿಸಿದರೆ ಎದೆಗೆ ಒತ್ತುವುದಿಲ್ಲವೆಂದು ತೋರಿಸಿದರು. ಹನ್ನೆರಡು ಫ್ರೆಟ್ಟು, ಸಣ್ಣ ಸೊಂಟ, ಕಟ್ಟಿದ ಕೈ ಆರಾಮವಾಗಿ ಮುಟ್ಟಿತು. ಬೋರಲು ಹಾಕುವ ಹೊತ್ತಿಗೆ ನಾನು ಕಣ್ಣು ಮುಚ್ಚಿದೆ. ದೇವರೇ, ಒಂದು ಗಂಟೂ ಇಲ್ಲದಿರಲಿ ಎಂದು ಹರಕೆ ಹೊತ್ತೆ. ನಾನು, ಮೂಢನಂಬಿಕೆಯ ಮೇಲೆ ಶಾಲೆಯಲ್ಲಿ ಭಾಷಣ ಮಾಡಿ ಬಹುಮಾನ ಪಡೆದವಳು!

‘ಬೆನ್ನು ಸ್ವಚ್ಛ ಐತಿ’ ಎಂದ ಮಾವ. ಕೂಡಲೇ ಟವೆಲ್ ಬಿಚ್ಚಿ ಮಾಸ್ತರರ ಕೈ ಮೇಲೆ ಹಾಕಿ, ಅದರಡಿ ಅವರ ಬೆರಳು ಹಿಡಿದು, ಎತ್ತಿನ ಪೇಟೆಯ ಹಾಗೆ ಗುಟ್ಟಾಗಿ ಬೆಲೆ ಕೇಳಿದ. ಮಾಸ್ತರರಿಗೆ ಆ ಬೆರಳಿನ ಭಾಷೆ ಎಲ್ಲಿ ಗೊತ್ತು? ಪ್ರೀತಿಯಿಂದ ಹಿಡಿದ ಕೈ ಎಂದುಕೊಂಡು ಅವರೂ ಗಟ್ಟಿಯಾಗಿ ಹಿಡಿದುಕೊಂಡರು. ಇಬ್ಬರೂ ಹಾಗೇ ಬಹಳ ಹೊತ್ತು ಕುಳಿತರು. ಜೀವಮಾನದಲ್ಲಿ ಮೊದಲ ಸಲ ಮಾವ ಚೌಕಾಶಿ ಮಾಡದೆ ಕೊಂಡ.

ತಿಳವಳ್ಳಿ ತಲುಪಿದಾಗ ಸಂಜೆ. ಮಾವ ಕಾರಿನಿಂದ ಇಳಿಯಲಿಲ್ಲ.

‘ನೀ ಒಯ್ಯಿ. ನಿಂದ ಅಂತ ಹೇಳು.’

‘ನೀ ಹುಡುಕಿದ್ದು, ನೀ ಕೊಡು.’

‘ನನ್ನ ಕಾಲು ಬರವಲ್ಲವು’ ಅಂದ. ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡ.

ಅತ್ತೆ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ನನ್ನ ಕೈಯಲ್ಲಿದ್ದ ಚೀಲ ನೋಡಿದಳು. ‘ಇದು ನಂದ ಅತ್ತಿ, ಹೊಸದಾಗಿ ಕಲ್ಯಾಕತ್ತೇನಿ’ ಅಂದೆ. ‘ನಿನಗ ಚಪ್ಪಾಳಿ ಸುದ್ದಾ ತಾಳಕ್ಕ ಬರಂಗಿಲ್ಲ’ ಎನ್ನುತ್ತ ಚೀಲ ಬಿಚ್ಚಿದಳು. ಕುತ್ತಿಗೆ ಪೆಟ್ಟಿಗೆಗೆ ಸೇರುವ ಜಾಗದಲ್ಲಿ ಅವಳ ಬೆರಳು ನಿಂತಿತು. ಎಣಿಸಲಿಲ್ಲ, ಅವಳಿಗೆ ಎಣಿಸಬೇಕಿರಲಿಲ್ಲ. ತಲೆಯೆತ್ತಿ ಕಾರಿನ ಕಡೆ ನೋಡಿದಳು. ಅಷ್ಟರಲ್ಲಿ ಮಾವ ಕಾರಿನಿಂದ ಜಾರಿ ಕೊಟ್ಟಿಗೆಯ ಬಾಗಿಲಿಗೆ ಹೋಗಿ ಎತ್ತಿನ ಕೊರಳ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

ಅತ್ತೆ ಕಾಳಿನ ಮೊರ ಸರಿಸಿ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಎಡಗೈ ಎತ್ತಿದಳು. ಮಾವ ಗಿಟಾರು ನೋಡುತ್ತಿರಲಿಲ್ಲ, ಅವಳ ಭುಜವನ್ನೇ ನೋಡುತ್ತಿದ್ದ. ಕೈ ಹೋಯಿತು, ಇನ್ನೂ ಹೋಯಿತು, ಮುಟ್ಟಿತು. ಅತ್ತೆ ಬಾರಿಸಿದಳು. ನಡುನಡುವೆ ತಪ್ಪಿತು, ತಪ್ಪಿದ್ದನ್ನು ಮತ್ತೆ ಹಿಡಿದಳು. ಒಂದು ವರ್ಷದಿಂದ ಆ ಕಟ್ಟೆಯ ಮೇಲೆ ಆ ಸದ್ದು ಇರಲಿಲ್ಲವೆಂದು ನನಗೆ ಆಗಲೇ ಗೊತ್ತಾಯಿತು. ನನಗೆ ಅಳು ಬಂತು.

ಅರ್ಧಕ್ಕೆ ನಿಲ್ಲಿಸಿದಳು. ಕೈಯನ್ನು ಗಿಟಾರಿನ ಕುತ್ತಿಗೆಯ ಮೇಲೇ ಇಟ್ಟುಕೊಂಡು, ‘ಸೋಮವಾರ ಹುಬ್ಬಳ್ಳಿಗೆ ಹೋಗೂದೈತಿ’ ಅಂದಳು. ಆಮೇಲೆ ತಲೆ ಎತ್ತದೆಯೇ, ‘ನನಗ ಭಾಳ ಹೆದರಿಕಿ ಆಗೈತ್ರಿ’ ಅಂದಳು.

ಆ ಮಾತನ್ನು ಅವಳ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಏನೂ ಆಗಂಗಿಲ್ಲ ಬಿಡು ಅತ್ತಿ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಮಾವ ಕೊಟ್ಟಿಗೆಯ ಬಾಗಿಲು ಬಿಟ್ಟು ಬಂದ. ಅವಳ ಎಡಗಡೆಗೆ ಕುಳಿತ.

‘ಒಬ್ಬಾಕೀನ ಹೆದರಬ್ಯಾಡ, ನಿನಗ ರೂಢಿ ಇಲ್ಲ’ ಅಂದ. ‘ಇಬ್ಬರೂ ಕೂಡಿ ಹೆದರೂಣು.’

‘ಹ್ಯಾಂಗ ಹೆದರಬೇಕ್ರಿ?’

‘ಮೊದಲ ಕೈ ಹಿಡಕೋಬೇಕು’ ಎಂದು ಅವಳ ಎಡಗೈ ಹಿಡಿದುಕೊಂಡ.

ಅತ್ತೆಗೆ ನಗುವೂ ಬಂತು, ಅಳುವೂ ಬಂತು. ‘ಬಿಡ್ರಿ, ಬಾರಸೂದೈತಿ.’

‘ತಡಿ’ ಅಂದ ಮಾವ. ‘ನನ್ನ ಹೆದರಿಕಿ ಇನ್ನಾ ಹೋಗಿಲ್ಲ.’