ಅಗ್ಗದ ದುರ್ಬೀನು, ದೂರದ ಜಿಂಕೆ

"ಅಗ್ಗದ್ದೇ ತಾ ಪುರಂದರ್. ಆದರೆ ಅಗ್ಗದ್ದು ಅಂತ ಯಾರಿಗೂ ಗೊತ್ತಾಗಬಾರದು" ಎಂದು ಬೂ ಸಾಲಿಮ್ ಬೆಳಿಗ್ಗೆ ಆಫೀಸಿಗೆ ಬಂದವರೇ ತಮ್ಮ ಹರಕುಮುರುಕು ಹಿಂದಿಯಲ್ಲಿ ಹೇಳಿದಾಗ ಪುರಂದರ ತಲೆಯಾಡಿಸಿಬಿಟ್ಟ. ತಲೆಯಾಡಿಸುವುದು ಅವನ ಹಳೇ ಅಭ್ಯಾಸ. ತರಬೇಕಾದ್ದು ಏನೆಂದು ಕೇಳಿದ್ದು ಆಮೇಲೆ.

ತರಬೇಕಾದ್ದು ಬಂದೂಕಿನ ಮೇಲೆ ಕೂರಿಸುವ ದುರ್ಬೀನು, ಸ್ಕೋಪು! ಬೂ ಸಾಲಿಮ್ ಅಂದರೆ ಪುರಂದರ ದುಡಿಯುವ ಗಲ್ಫ್ ಕಂಪನಿಯ ಅರಬ್ ಯಜಮಾನರು, ಎಲ್ಲರಿಗೂ 'ಮುದೀರ್', ಅಂದರೆ ದೊಡ್ಡ ಸಾಹೇಬರು. ಮರುದಿನ ಬೆಳಿಗ್ಗೆ ಯಾವುದೋ ಗುಡ್ಡಗಾಡಿನ ದೇಶಕ್ಕೆ ಎರಡು ವಾರದ ಜಿಂಕೆ ಬೇಟೆಗೆ ಹೊರಟಿದ್ದರು. ಬಂದೂಕು, ಪರವಾನಗಿ ಎಲ್ಲ ಅಲ್ಲಿಯವರದ್ದೇ, ಸ್ಕೋಪು ಮಾತ್ರ ಒಯ್ಯಬೇಕು. ಹೋದ ವರ್ಷ ಕಣ್ಣು ಕುಕ್ಕುವ ದುಬಾರಿ ಸ್ಕೋಪು ಕೊಂಡುಹೋಗಿ ಜಿಂಕೆಯ ಬಾಲವನ್ನೂ ಕಾಣದೆ ಬಂದಿದ್ದರು. ಸಿಟ್ಟಿನಲ್ಲಿ ಅದನ್ನು ಭಾವನಿಗೆ ದಾಟಿಸಿಯೂ ಆಗಿತ್ತು. ಆದರೂ ಮನೆಯಲ್ಲಿ ಬೇಗಂ ಸಾಹೇಬರು ಇವತ್ತಿಗೂ ಊಟಕ್ಕೆ ಕೂತಾಗಲೆಲ್ಲ "ಜಿಂಕೆ ಬಡಿಸಲಾ?" ಎಂದು ಕೇಳುತ್ತಾರಂತೆ.

ಪುರಂದರ ಆಫೀಸಿಗೆ ಚಹಾಪುಡಿಯಿಂದ ಎ.ಸಿ.ವರೆಗೆ ಚೌಕಾಶಿ ಮಾಡಿ ತರುವವ, ನಿಜ. ಆದರೆ ಜೀವಮಾನದಲ್ಲಿ ಅವನು ಹಿಡಿದ ದೊಡ್ಡ ಆಯುಧವೆಂದರೆ ಕಾಯಿ ತುರಿಯುವ ಹೆರೆಮಣೆ. ಬೇರೆ ಯಾರಾದರೂ ಹೇಳಿದ್ದರೆ ಕೈ ಮುಗಿದು ಜಾರಿಕೊಳ್ಳುತ್ತಿದ್ದ. ಮುದೀರ್ ಮಾತು ಹಾಗಲ್ಲ. ಅವನಿಗೆ ಕಾಮಾಲೆ ಹಿಡಿದು ಅಬ್ಬಾಸಿಯಾದ ಬ್ಯಾಚುಲರ್ ರೂಮಿನಲ್ಲಿ ಅರಸಿನದ ಕೊಂಬಿನ ಹಾಗೆ ಬಿದ್ದಿದ್ದಾಗ ತಾವೇ ಬಂದು, ತಮ್ಮದೇ ಕಾರಿನಲ್ಲಿ ಆಸ್ಪತ್ರೆಗೆ ಹಾಕಿ, ದಿನಾ ಮನೆಯಿಂದ ಸೂಪು ಕಳಿಸಿದ ಪುಣ್ಯಾತ್ಮ ಅವರು. ಆ ಋಣವನ್ನು ಸ್ವಲ್ಪವಾದರೂ ತೀರಿಸುವ ಸಮಯ ಬಂತಲ್ಲ ಎಂದು ಪುರಂದರನಿಗೆ ಒಳಗೊಳಗೇ ಸಂತೋಷವೇ ಆಯಿತು.

ಇನ್ನೊಂದು ಸಂತೋಷವೂ ಇತ್ತು. "ನಾನಿದ್ದರೆ ನೀನಿರಬೇಕು, ನಾನು ಹೋದರೆ ನೀನೂ ಹೋಗು" ಎಂಬುದು ಮುದೀರ್ ಮಾಡಿಟ್ಟ ಕಾನೂನು. ಅವರು ಬೇಟೆಗೆ ಹೋದರೆ ಇವನಿಗೆ ಊರು. ಕಾಪುವಿನಲ್ಲಿ ಹೆಂಡತಿ ನವ್ಯಶ್ರೀ ಇದ್ದಳು, ಹುಟ್ಟಿದಾಗಿನಿಂದ ಫೋನಿನಲ್ಲಿ ಮಾತ್ರ ನೋಡಿದ ಮಗಳಿದ್ದಳು. ಆ ಮಗು ಅಪ್ಪ ಅಂದರೆ ಒಂದು ಮೊಬೈಲು ಅಂತ ತಿಳಿದುಕೊಂಡಿತ್ತು. ನಾಳೆ ಸಂಜೆಗೆ ಟಿಕೆಟೂ ಆಗಿತ್ತು. "ನಿಮ್ಮ ರಜೆಗೆ ಯಾವ ವಿಘ್ನವೂ ಬಾರದಿರಲಿ ಅಂತ ಇವತ್ತು ಸಂಕಷ್ಟಿ ಉಪವಾಸ ಹಿಡಿದಿದ್ದೇನೆ" ಎಂದು ನವ್ಯಶ್ರೀ ಬೆಳಿಗ್ಗೆಯೇ ಹೇಳಿದ್ದಳು.

ಅಂಗಡಿಗೆ ಜೊತೆಯಾದವನು ಝಹೀರ್. ಕಂಪನಿಯ ಡ್ರೈವರ್, ಉಳ್ಳಾಲದವ, ಪುರಂದರನ ರೂಮ್‌ಮೇಟು. ಅರಬಿ ನೀರಿನ ಹಾಗೆ ಮಾತಾಡುತ್ತಿದ್ದ. ಬಾಯಿ ಮುಚ್ಚಿಕೊಳ್ಳುವುದು ಮಾತ್ರ ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ.

"ದೊಡ್ಡದು ತೆಗೀರಿ ಪುರಂದರಣ್ಣ! ಇದು ನೋಡಿ, ಇಪ್ಪತ್ತೈದು ಪಟ್ಟು ಹತ್ತಿರ ಕಾಣ್ತದೆ."

"ಕೈ ನಡುಗಿದರೆ ನಡುಕವೂ ಇಪ್ಪತ್ತೈದು ಪಟ್ಟು ಕಾಣ್ತದೆ ಮಾರಾಯ. ಬರುವ ದಾರಿಯಲ್ಲಿ ವಿಡಿಯೋ ನೋಡಿದೆ. ಜಿಂಕೆ ಮೇಯಲು ಬರುವುದು ಮಬ್ಬಿನಲ್ಲಿ. ಆಗ ಬೆಳಕು ಹಿಡಿಯಲಿಕ್ಕೆ ಎದುರಿನ ಗಾಜು ಅಗಲ ಬೇಕು."

"ನಿಮಗೆ ಮಬ್ಬೇ ಸರಿ" ಎಂದ ಝಹೀರ್.

ಅಂತೂ ಪುರಂದರ ಒಂಬತ್ತು ಪಟ್ಟಿನ, ಅಗಲ ಗಾಜಿನ, ಹೆಸರೇ ಕೇಳದ ಕಂಪನಿಯದೊಂದನ್ನು ಆರಿಸಿದ. ಬೆಲೆ ಕಮ್ಮಿ, ಠೀವಿ ಜಾಸ್ತಿ. ಸರಿಬರದಿದ್ದರೆ ನಾಳೆ ವಾಪಸ್ ಎಂದು ಅಂಗಡಿಯವನನ್ನು ಒಪ್ಪಿಸಿಯೂ ಆಯಿತು.

ಇನ್ನು ಪರೀಕ್ಷೆ. ಮಧ್ಯಾಹ್ನ ತನ್ನ ಬಿಲ್ಡಿಂಗಿನ ತಾರಸಿಗೆ ಹತ್ತಿದ. ಅಬ್ಬಾಸಿಯಾದಲ್ಲಿ ಜಿಂಕೆ ಎಲ್ಲಿಂದ ಬರಬೇಕು? ಬಹಳ ದೂರದಲ್ಲಿ ಒಂದು ಮಾಂಸದಂಗಡಿಯ ಬೋರ್ಡು, ಅದರ ಮೇಲೊಂದು ಆಡಿನ ಚಿತ್ರ ಇತ್ತು. ವಿಡಿಯೋದಲ್ಲಿ ತೋರಿಸಿದ ಹಾಗೆ ಹೊಟ್ಟೆಯಡಿ ಚಾಪೆ ಹಾಕಿ ಮಲಗಿ, ಒಂದು ಕಣ್ಣು ಮುಚ್ಚಿ, ಆಡಿನ ಗಡ್ಡ ಕಾಣುತ್ತದಾ ಎಂದು ನೋಡತೊಡಗಿದ. ಕಂಡಿತು! ಒಂದೊಂದು ಕೂದಲೂ ಕಂಡಿತು. ಖುಷಿಯಲ್ಲಿ "ಆಹಾ, ಎಂಥ ಚಂದ!" ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟ.

ಹೇಳಿದ್ದು ಆಡಿಗೆ. ಆದರೆ ಆಡಿಗೂ ಅವನಿಗೂ ನಡುವೆ ಎದುರು ಬಿಲ್ಡಿಂಗಿನ ಬಾಲ್ಕನಿ, ಅಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸರು. ಹಿಂದಿನಿಂದ ಬಂದ ಹಾರಿಸ್, ಅಂದರೆ ಬಿಲ್ಡಿಂಗಿನ ಕಾವಲುಗಾರ, ಅವನ ಕಾಲರಿಗೇ ಕೈ ಹಾಕಿದ. "ಯಾ ಹರಾಮಿ! ಪೊಲೀಸ್!"

"ಗನಂ! ಗನಂ!" ಎಂದು ಪುರಂದರ ಬಾಯಿಬಿಟ್ಟ. ಆಡು ಎನ್ನಲು ಅವನಿಗೆ ಗೊತ್ತಿದ್ದದ್ದು ಅದೊಂದೇ ಅರಬಿ ಮಾತು. ಹೆಂಗಸರನ್ನು ನೋಡಿದ್ದಲ್ಲದೆ ಆಡು ಬೇರೆ ಅನ್ನುತ್ತಾನೆ ಎಂದು ಹಾರಿಸ್ ಇನ್ನಷ್ಟು ಕೆಂಡವಾದ.

ಪೊಲೀಸ್ ಎಂದರೆ ರಜೆ, ಟಿಕೆಟ್, ಇಲ್ಲಿರಲು ಬೇಕಾದ ಪರವಾನಗಿ ಇಕಾಮಾ, ಎಲ್ಲ ಹೊಳೆಗೆ. ಅಷ್ಟರಲ್ಲಿ ಹಪ್ಪಳ ಒಣಗಿಸಲು ಮೇಲೆ ಬಂದರು ಮೂರನೇ ಮಾಳಿಗೆಯ ಅಪ್ಪಿಯಕ್ಕ. ಮಗ-ಸೊಸೆಯ ಜೊತೆ ಇರುವ ಹಿರಿಯರು. ಹಾರಿಸ್‌ಗೆ ಅಚ್ಚ ತುಳುವಿನಲ್ಲಿ ಏನೇನು ಬೈದರೋ, ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ದನಿ ಅವನ ತಾಯಿಯ ದನಿಯ ಹಾಗೇ ಕೇಳಿಸಿರಬೇಕು, ಕಾಲರ್ ಬಿಟ್ಟು ಕೆಳಗಿಳಿದು ಹೋದ.

"ಉಪಕಾರ ಆಯ್ತು ಅಪ್ಪಿಯಕ್ಕ, ನಿಮ್ಮ ಋಣ ಹೇಗೆ ತೀರಿಸಲಿ?"

"ಸುಲಭ ಉಂಟು" ಎಂದರು ಅಪ್ಪಿಯಕ್ಕ. "ಇವತ್ತು ಸಂಕಷ್ಟಿ. ಈ ಧೂಳಿನಲ್ಲಿ ಹೋದ ತಿಂಗಳು ಚಂದ್ರ ಕಾಣದೆ ಮರುದಿನದವರೆಗೆ ಉಪವಾಸ ಬಿದ್ದೆ. ಪಂಚಾಂಗದಲ್ಲಿ ನೋಡಿ ಉಣ್ಣಿ ಅಂತಾಳೆ ಸೊಸೆ. ಪಂಚಾಂಗದಲ್ಲಿ ಹುಟ್ಟಿದ ಚಂದ್ರನಿಗೆ ನಾನು ಅರ್ಘ್ಯ ಎಲ್ಲಿಗೆ ಬಿಡುವುದು? ರಾತ್ರಿ ಆ ಕೊಳವೆಯಲ್ಲಿ ತೋರಿಸು, ಆಯ್ತಾ?"

ಪುರಂದರ ತಲೆಯಾಡಿಸಿದ.

ಕತ್ತಲಾದ ಮೇಲೆ ತಾರಸಿಗೆ ಹೋದರೆ ಅಪ್ಪಿಯಕ್ಕ ಒಬ್ಬರೇ ಅಲ್ಲ, ಸುತ್ತಲಿನ ಬಿಲ್ಡಿಂಗಿನ ಉಪವಾಸದವರೆಲ್ಲ ಹರಿವಾಣ, ತಂಬಿಗೆ ಹಿಡಿದು ಸಾಲು ನಿಂತಿದ್ದಾರೆ! "ಏನ್ರೀ ಪುರಂದರಣ್ಣಾರ, ಚಂದ್ರ ಕಂಡ್ನೇನ್ರೀ? ಹೊಟ್ಟಿ ಚುರ್ ಚುರ್ ಅನ್ನಾಕತ್ತೈತ್ರೀ" ಎಂದರು ಗದಗದ ಮಂಗಳಾ. ಆಕಾಶ ಗೋಣಿಚೀಲದ ಬಣ್ಣದಲ್ಲಿತ್ತು. ಪುರಂದರ ನೀರಿನ ಟಾಂಕಿಯ ಮೇಲೆ ಸ್ಕೋಪು ಊರಿ, ಪೂರ್ವದ ಕಟ್ಟಡಗಳ ಮೇಲೆಲ್ಲ ಮೆಲ್ಲಗೆ ಹುಡುಕಿದ. ಅಗಲ ಗಾಜಿನ ಗುಣ ನೋಡಿ, ಧೂಳಿನ ಹಿಂದೆ ಕೆಂಪಗೆ, ಮಸುಕಾಗಿ, ಚಂದ್ರ ಸಿಕ್ಕಿಬಿಟ್ಟ!

"ಬಂದ! ಬಂದ!"

ಏನು ಸಂಭ್ರಮ! ಒಬ್ಬೊಬ್ಬರೇ ಬಗ್ಗಿ ನೋಡಿ ಕೈ ಮುಗಿದರು, ಅರ್ಘ್ಯ ಬಿಟ್ಟರು, ಪುರಂದರನನ್ನು ಬಾಯ್ತುಂಬ ಹರಸಿದರು. ಅಪ್ಪಿಯಕ್ಕ ಸ್ಕೋಪಿಗೇ ಅರಸಿನ ಕುಂಕುಮ ಹಚ್ಚಿ ಆರತಿ ಎತ್ತಿದರು. ಅಯ್ಯೋ, ಇನ್ನಿದನ್ನು ವಾಪಸು ಕೊಡುವ ಹಾಗಿಲ್ಲ ಎಂದುಕೊಂಡರೂ ಪುರಂದರನ ಕಣ್ಣು ತುಂಬಿ ಬಂತು. ಇಷ್ಟು ಜನರ ಹರಕೆ ತನಗೆ ಇದುವರೆಗೆ ಸಿಕ್ಕಿರಲಿಲ್ಲ.

ಆಗಲೇ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಸ್ಕೋಪು ಒಯ್ಯಲು ಬಂದ ಬೂ ಸಾಲಿಮ್, ಲಿಫ್ಟ್ ಕೆಟ್ಟು ಏಳು ಮಾಳಿಗೆ ಹತ್ತಿ ಬಂದಿದ್ದರು. ಹಿಂದೆ ಝಹೀರ್.

"ಇದೇನು? ನನ್ನ ಸ್ಕೋಪಿಗೆ ಮದುವೆಯಾ?"

ಝಹೀರ್ ಅರಬಿಯಲ್ಲಿ ಎಲ್ಲ ವಿವರಿಸಿದ. ಮುದೀರ್ ನಕ್ಕು, ಬಗ್ಗಿ ಕಣ್ಣಿಟ್ಟರು. ಅಷ್ಟರಲ್ಲಿ ಚಂದ್ರ ಮೇಲೆ ಬಂದು ಹೊಳೆಯುತ್ತಿದ್ದ. "ಮಾಶಾಲ್ಲಾ! ಭಲೇ ಪುರಂದರ್. ಆದರೆ ಚಂದ್ರನ ಮೇಲೆ ಏನದು, ಕಪ್ಪಗೆ?"

"ಜಿಂಕೆಮರಿ ಅಲ್ವಾ" ಎಂದರು ಅಪ್ಪಿಯಕ್ಕ. "ಬೇಟೆಯವ ಅಟ್ಟಿಸಿಕೊಂಡು ಬಂದಾಗ ಎಲ್ಲಿಯೂ ಜಾಗ ಸಿಗದೆ ಓಡಿ ಓಡಿ ಚಂದ್ರನ ಮಡಿಲಿಗೆ ಹಾರಿತು. ಅಲ್ಲೇ ಉಂಟು, ಪಾಪ."

ಪುರಂದರ ತಟ್ಟನೆ ನಡುವೆ ಬಾಯಿ ಹಾಕಿದ. "ಅದು ಬರೇ ಕಲೆ ಮುದೀರ್, ಧೂಳಿನದ್ದು" ಎನ್ನುವಷ್ಟರಲ್ಲಿ ಝಹೀರ್ ಆ ಕತೆಯನ್ನು ಅರಬಿಯಲ್ಲಿ ಹೇಳಲು ಶುರು ಮಾಡಿಯಾಗಿತ್ತು. ಅಪ್ಪಿಯಕ್ಕನ ಎರಡು ಮಾತಿಗೆ ಅವನು ತಾಯಿಜಿಂಕೆಯನ್ನು ಸೇರಿಸಿದ, ಮುಳ್ಳು ಚುಚ್ಚಿದ ಕಾಲು ಸೇರಿಸಿದ, ಕೊನೆಗೆ ತನ್ನ ಕಣ್ಣೀರನ್ನೂ ಸೇರಿಸಿದ.

ಮುದೀರ್ ಮತ್ತೆ ಕಣ್ಣಿಟ್ಟರು. ಈ ಸಲ ಬಹಳ ಹೊತ್ತು ನೋಡಿದರು. ತಲೆಯೆತ್ತಿದಾಗ ಗಡ್ಡ ಒದ್ದೆಯಾಗಿತ್ತು.

"ವಲ್ಲಾಹಿ, ಹೋದ ವರ್ಷ ನನ್ನೆದುರು ಒಂದು ಮರಿ ಬಂದಿತ್ತು, ಪುರಂದರ್. ಟ್ರಿಗರ್ ಒತ್ತಲಾಗಲಿಲ್ಲ. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ, ಜಿಂಕೆಯೇ ಕಾಣಲಿಲ್ಲ ಅಂದೆ. ಇನ್ನು ಖಲಾಸ್. ಬೇಟೆ ಇಲ್ಲ. ಎಲ್ಲೂ ಹೋಗುವುದಿಲ್ಲ. ನನ್ನ ಮನಸ್ಸಿನ ಭಾರ ಇಳಿಸಿದೆ ನೀನು!"

ಎಂದು ಪುರಂದರನನ್ನು ಬಾಚಿ ತಬ್ಬಿಕೊಂಡರು. ತಾರಸಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

"ಮುದೀರ್, ನೀವು ಹೋಗದಿದ್ದರೆ ನನ್ನ..."

"ಹೌದಲ್ಲ! ನಾನಿದ್ದರೆ ನೀನಿರಬೇಕು. ಈ ಸ್ಕೋಪು ನಿನಗೇ ಬಹುಮಾನ. ತಿಂಗಳು ತಿಂಗಳು ಇವರಿಗೆ ಚಂದ್ರನನ್ನು ತೋರಿಸು. ನೀನು ಊರಿಗೆ ಹೋದರೆ ಈ ತಾಯಂದಿರು ಉಪವಾಸ ಸಾಯಬೇಕಾ?"

ಪುರಂದರ ಏನೋ ಹೇಳಲು ಬಾಯಿ ತೆರೆದ. ತೆರೆದ ಬಾಯಿಗೆ ಅಪ್ಪಿಯಕ್ಕ ಒಂದು ಮುಷ್ಟಿ ಪಂಚಕಜ್ಜಾಯ ತುರುಕಿದರು. "ತಿನ್ನು ಮಗಾ, ನಿನ್ನಿಂದ ಎಲ್ಲರ ಹೊಟ್ಟೆ ತಣ್ಣಗಾಯಿತು."

ಜೇಬಿನಲ್ಲಿ ಫೋನು ಕುಣಿಯಿತು. ನವ್ಯಶ್ರೀ.

"ಇಲ್ಲಿ ಚಂದ್ರ ಆಗಲೇ ಬಂದ, ನನ್ನದು ಊಟ ಆಯಿತು. ಮಗಳೂ ಮಲಗಲಿಲ್ಲ, ನಾಳೆ ಅಪ್ಪ ಬರ್ತಾರೆ ಅಂತ ಹೇಳಿಟ್ಟಿದ್ದೇನೆ. ಎಲ್ಲ ಸರಿಯಾಯ್ತಲ್ಲ? ಏನೂ ವಿಘ್ನ ಇಲ್ಲವಲ್ಲ?"

ಪುರಂದರ ಕಜ್ಜಾಯ ನುಂಗಿದ. ಸುತ್ತ ಎಲ್ಲರೂ ಅವನನ್ನೇ ನೋಡಿ ಕೈ ಮುಗಿಯುತ್ತಿದ್ದರು. ಇವರ ಮೇಲೆ ಸಿಟ್ಟು ಮಾಡಬೇಕೆಂದರೂ ಆಗಲಿಲ್ಲ. ಬಗ್ಗಿ ಸ್ಕೋಪಿನಲ್ಲಿ ನೋಡಿದ. ಜಿಂಕೆಮರಿ ಚಂದ್ರನ ಮಡಿಲಲ್ಲಿ ಹಾಯಾಗಿ ಮಲಗಿತ್ತು.

"ಜಿಂಕೆ ಬದುಕಿತು ನವ್ಯಾ" ಎಂದ.

"ಯಾವ ಜಿಂಕೆ ಮಾರಾಯ್ರೇ? ನಾಳೆ ವಿಮಾನ ಎಷ್ಟು ಹೊತ್ತಿಗೆ, ಅದು ಹೇಳಿ!"