ಅತ್ತೆಗೆ ಹೊಸ ರೇಡಿಯೊ ತಂದದ್ದು

ಮದುವೆಯಾಗಿ ಕಾಪುವಿಗೆ ಬಂದ ಮೇಲೆ ಕೆಲವು ವರ್ಷಗಳ ಕಾಲ ನನ್ನ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಬಿತ್ತರಿಸಿದರು. ಅತ್ತೆ ಸೊಸೆಯ ಜಗಳ ಸಿಕ್ಕೀತೆಂದು ಕುರ್ಚಿ ಹತ್ತಿರ ಎಳೆದುಕೊಂಡವರು ದಯವಿಟ್ಟು ಅದನ್ನು ಹಿಂದಕ್ಕೆ ಸರಿಸಿಕೊಳ್ಳಿ. ಜಗಳವಾಡಲು ಇಬ್ಬರಿಗೂ ಬರುವ ಒಂದು ಭಾಷೆ ಬೇಕಾಗುತ್ತದೆ. ನಮ್ಮಲ್ಲಿ ಅದೇ ಇರಲಿಲ್ಲ.

ನಾನು ಹಾವೇರಿ ಕಡೆಯವಳು. ಗಂಡ ಕಾಪುವಿನವರು. ಇಬ್ಬರೂ ಮಣಿಪಾಲದ ಒಂದೇ ಕಚೇರಿಯಲ್ಲಿ ಕೆಲಸಕ್ಕಿದ್ದೆವು. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಗಂಡನ ಮನೆಯಲ್ಲಿ ಎಲ್ಲರದೂ ತುಳು. ಬೆಕ್ಕಿಗೆ, ಮೀನು ತರುವಾಕೆಗೆ, ಕೊನೆಗೆ ದೇವರಿಗೂ ತುಳುವೇ. ಅತ್ತೆ ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಅವರಿಗೆ ಗೊತ್ತಿದ್ದ ಕನ್ನಡವನ್ನೆಲ್ಲ ಕಲಿಸಿದ್ದು ಅವರ ತಲೆದಿಂಬಿನ ಪಕ್ಕದಲ್ಲಿದ್ದ, ಗಡಿಯಾರವೂ ಆಗಿದ್ದ ಒಂದು ರೇಡಿಯೊ.

ಮದುವೆಯ ಮಾತುಕತೆಗೆಂದು ನಮ್ಮವರು ಮೊದಲ ಸಲ ಕಾಪುವಿಗೆ ಬಂದಾಗ ಅತ್ತೆ ಜಗಲಿಯಲ್ಲಿ ನಿಂತು, ಕೈ ಮುಗಿದು, ಗಂಟಲು ಸರಿಮಾಡಿಕೊಂಡು ಹೇಳಿದರು: “ಎಲ್ಲರಿಗೂ ನಮಸ್ಕಾರ. ತಮ್ಮ ಪ್ರಯಾಣ ಸುಖಕರವಾಗಿತ್ತೆಂದು ಭಾವಿಸುತ್ತೇವೆ.”

ನಮ್ಮ ಅಪ್ಪ ನನ್ನ ಕಿವಿಯಲ್ಲಿ ಕೇಳಿದ. “ಏನವ್ವಾ, ನಿಮ್ಮತ್ತಿ ಸಾಲ್ಯಾಗ ಕಲಸ್ತಿದ್ರೇನು?”

“ಇಲ್ಲಪ್ಪಾ.”

“ಮತ್ತ ನಾವೆಲ್ಲಾ ಯಾಕ ಎದ್ದು ನಿಂತೇವಿ?”

ನೋಡಿದರೆ ನಿಜ. ಕುರ್ಚಿಯಲ್ಲಿ ಕೂತಿದ್ದ ನಮ್ಮ ಕಡೆಯವರೆಲ್ಲ ಎದ್ದು ನಿಂತಿದ್ದರು.

ಅತ್ತೆ ನನ್ನನ್ನು ‘ನೀವು’ ಎಂದೇ ಕರೆಯುತ್ತಿದ್ದರು. “ಸೊಸೆಗೆ ಯಾರಾದ್ರೂ ನೀವು ಅಂತ ಹೇಳ್ತಾರಾ ಅಮ್ಮಾ?” ಎಂದು ಗಂಡ ಕೇಳಿದ್ದಕ್ಕೆ, “ರೇಡಿಯೊದಲ್ಲಿ ಯಾರೂ ಯಾರಿಗೂ ನೀನು ಅಂತ ಹೇಳಿದ್ದು ನಾನು ಕೇಳಲಿಲ್ಲ” ಎಂದರು. ತಾಯಿ ಮಗನ ತುಳು ಮಾತನ್ನು ಗಂಡ ಆಮೇಲೆ ನನಗೆ ಕನ್ನಡ ಮಾಡಿ ಹೇಳುತ್ತಿದ್ದರು. ಕನ್ನಡದಲ್ಲಿ ‘ನೀನು’ ಎಂಬ ಶಬ್ದ ಉಂಟೆಂದೇ ಅವರಿಗೆ ಪೂರ್ತಿ ನಂಬಿಕೆ ಇದ್ದ ಹಾಗೆ ಕಾಣುತ್ತಿರಲಿಲ್ಲ.

ಆ ರೇಡಿಯೊವನ್ನು ಮಾವ ಬಹರೈನಿನಲ್ಲಿ ಕೆಲಸಕ್ಕಿದ್ದಾಗ ಮೊದಲ ರಜೆಗೆ ತಂದದ್ದು. ಮರದ ಬಣ್ಣದ ಪೆಟ್ಟಿಗೆ, ಮುಖದ ಮೇಲೆ ಕೆಂಪು ಅಂಕಿಗಳು. ಅಂಕಿಗಳ ಒಂದೆರಡು ಗೆರೆ ಸತ್ತು ಹೋಗಿದ್ದರಿಂದ ಆರು, ಎಂಟು, ಸೊನ್ನೆಗಳ ನಡುವೆ ಭೇದಭಾವ ಉಳಿದಿರಲಿಲ್ಲ. ಅದರಲ್ಲಿ ಗಂಟೆ ಎಷ್ಟೆಂದು ಅತ್ತೆಗೆ ಮಾತ್ರ ಓದಲು ಬರುತ್ತಿತ್ತು. ಸ್ಟೇಷನ್ ತಿರುಗಿಸುವ ಗುಂಡಿಯನ್ನು ರಬ್ಬರ್ ಬ್ಯಾಂಡಿನಿಂದ ಮಂಗಳೂರಿಗೆ ಕಟ್ಟಿಹಾಕಿದ್ದರು. ಏರಿಯಲ್ ತಂತಿ ಕಿಟಕಿಯಿಂದ ಹೊರಗೆ ಹೋಗಿ ಬಟ್ಟೆ ಒಣಗಿಸುವ ತಂತಿಗೆ ಸೇರಿಕೊಂಡಿತ್ತು. ಅದರ ಮೇಲೆ ಒದ್ದೆ ಬೆಡ್‌ಶೀಟು ಬಿದ್ದರೆ ವಾರ್ತೆ ಓದುವವರ ಸ್ವರ ಕುಗ್ಗುತ್ತಿತ್ತು. ಮಾವನ ಪಂಚೆ ಒಣಗುತ್ತಾ ಬಂದ ಹಾಗೆ ಪ್ರದೇಶ ಸಮಾಚಾರ ಸ್ಪಷ್ಟವಾಗುತ್ತಿತ್ತು. ಹೌದೋ ಅಲ್ಲವೋ, ಅತ್ತೆಯ ಅನುಭವ ಹಾಗಿತ್ತು. ಚುನಾವಣೆಯ ಫಲಿತಾಂಶ ಬರುವ ದಿನ ನಮ್ಮ ಮನೆಯಲ್ಲಿ ಯಾರೂ ಬಟ್ಟೆ ಒಗೆಯುವಂತಿರಲಿಲ್ಲ.

ರೇಡಿಯೊದವರು ‘ನಮಸ್ಕಾರ’ ಎಂದರೆ ಅತ್ತೆ ಮರಳಿ ‘ನಮಸ್ಕಾರ’ ಎನ್ನುತ್ತಿದ್ದರು. ಒಬ್ಬಾಕೆಯ ಸ್ವರ ಕಟ್ಟಿದ ದಿನ, “ಶುಂಠಿ ಕಷಾಯ ಕುಡಿದು ಬರಬೇಕಿತ್ತು. ಮನೆಯಲ್ಲಿ ಹೇಳುವವರು ಯಾರೂ ಇಲ್ವೋ ಏನೋ” ಎಂದು ತಿಂಡಿಯ ಹೊತ್ತಿನವರೆಗೂ ಬೇಜಾರು ಮಾಡಿಕೊಂಡಿದ್ದರು.

ಬೆಳಿಗ್ಗೆ ನಾನು ಅಡುಗೆಮನೆಗೆ ಕಾಲಿಟ್ಟರೆ ನನಗೆ ಮುಖ್ಯಾಂಶಗಳು ಸಿಗುತ್ತಿದ್ದವು. “ಇಂದಿನ ತಿಂಡಿ ನೀರುದೋಸೆ. ಚಟ್ನಿಯ ಕುರಿತು ಇನ್ನೂ ತೀರ್ಮಾನವಾಗಿಲ್ಲ. ಪಕ್ಕದ ಮನೆಯ ದನವು ನಮ್ಮ ಬಸಳೆ ಚಪ್ಪರಕ್ಕೆ ನುಗ್ಗಿ ಅಪಾರ ಹಾನಿ ಉಂಟುಮಾಡಿದೆ.” ಸ್ವಲ್ಪ ತಡೆದು, “ಪರಿಸ್ಥಿತಿ ಹತೋಟಿಯಲ್ಲಿ ಉಂಟು.”

ಇದೇ ಸುದ್ದಿಯನ್ನು ದನದ ಒಡತಿಗೆ ಬೇಲಿಯ ಮೇಲಿಂದ ತುಳುವಿನಲ್ಲಿ ಮುಟ್ಟಿಸುವಾಗ ಪರಿಸ್ಥಿತಿ ಹತೋಟಿಯಲ್ಲಿ ಇರುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಹೋಗುತ್ತಿತ್ತು, ಕೈ ಆಕಾಶಕ್ಕೆ. ಒಳಗೆ ಬಂದು ನನ್ನನ್ನು ಕಂಡ ಕೂಡಲೇ ಸೆರಗು ಇಳಿಸಿ, “ಮಾತುಕತೆ ಫಲಪ್ರದವಾಗಿದೆ” ಎನ್ನುತ್ತಿದ್ದರು. ಒಮ್ಮೆ ನಾನು ಹಾಲು ಉಕ್ಕಿಸಿ ಒಲೆ ಕಟ್ಟೆಯೆಲ್ಲ ಹೊಳೆ ಮಾಡಿದೆ. ಅತ್ತೆ ಬಂದು ನೋಡಿ, “ಯಾವುದೇ ಸಾವುನೋವು ಸಂಭವಿಸಿಲ್ಲ” ಎಂದು ಹೇಳಿ ಒರೆಸುವ ಬಟ್ಟೆ ತೆಗೆದುಕೊಂಡರು.

ಇಂಥ ರೇಡಿಯೊ ಒಂದು ಮಳೆಗಾಲದ ಆರಂಭದ ಸಿಡಿಲಿಗೆ ತೀರಿಕೊಂಡಿತು.

ಅತ್ತೆ ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಉಡುಪಿಯ ಬಸ್ಸು ಹತ್ತಿದರು. ಜೊತೆಗೆ ನಾನು. ಬಸ್ಸಿನಲ್ಲಿ ಕಂಡಕ್ಟರ್ ತುಂಬ ಗೌರವದಿಂದ, “ಮಗು ಉಂಟು, ಸ್ವಲ್ಪ ಜಾಗ ಕೊಡಿ” ಎಂದು ಒಬ್ಬರನ್ನು ಎಬ್ಬಿಸಿ ಅತ್ತೆಯನ್ನು ಕೂರಿಸಿದ. ಅತ್ತೆ ಟವೆಲಿನ ತುದಿಯನ್ನು ಇನ್ನಷ್ಟು ಒಳಗೆ ಸಿಕ್ಕಿಸಿಕೊಂಡರು.

ಉಡುಪಿಯ ರಿಪೇರಿಯವನು ಹಿಂದಿನ ಮುಚ್ಚಳ ತೆಗೆದಾಗ ಒಳಗಿನಿಂದ ಹಲ್ಲಿಯ ಮೊಟ್ಟೆಯ ಚಿಪ್ಪುಗಳು ಉದುರಿದವು. “ಇದರ ಪಾರ್ಟ್ಸ್ ಈಗ ಎಲ್ಲಿಯೂ ಸಿಗ್ಲಿಕ್ಕಿಲ್ಲ ಅಮ್ಮಾ. ಹೊಸತು ತೆಗೊಳ್ಳಿ” ಎಂದ. ಅತ್ತೆಗೆ ಒಪ್ಪಿಗೆಯಾಗಲಿಲ್ಲ. ಎರಡನೆಯ ಅಭಿಪ್ರಾಯಕ್ಕಾಗಿ ಮರುದಿನ ತಂಗಿಯ ಊರಾದ ಕಾರ್ಕಳಕ್ಕೆ ಹೊರಟರು. ಅಲ್ಲಿಯವನೂ ಅದನ್ನೇ ಹೇಳಿದ. ಆದರೆ ಅತ್ತೆ ಸಮಾಧಾನದಿಂದ ಮರಳಿದರು. “ಉಡುಪಿಯವ ನಿಲ್ಲಿಸಿ ಹೇಳಿದ. ಇವ ಕುಳ್ಳಿರಿಸಿ ಹೇಳಿದ.”

ಆ ಶನಿವಾರ ಗಂಡ ಹೊಸ ರೇಡಿಯೊ ತಂದರು. ರೇಡಿಯೊ ಎಂದು ಅವರು ಹೇಳಿದ್ದರಿಂದ ನಾವು ನಂಬಬೇಕು. ನೋಡಲು ದೊಡ್ಡದೊಂದು ಇಡ್ಲಿಗೆ ಬೂದು ಬಟ್ಟೆ ಹೊದೆಸಿದಂತಿತ್ತು. ಮುಖದ ಮೇಲೆ ಗಂಟೆ ಬೆಳಗುತ್ತಿತ್ತು, ಎಲ್ಲ ಅಂಕಿಗಳಿಗೂ ಎಲ್ಲ ಗೆರೆಗಳಿದ್ದವು. ಯಾರು ಬೇಕಾದರೂ ಓದಬಹುದಿತ್ತು. ಅತ್ತೆಗೆ ಅದೇ ಮೊದಲ ಬೇಸರ.

“ಇದರ ಗುಂಡಿ ಎಲ್ಲಿ ಉಂಟು?”

“ಗುಂಡಿ ಇಲ್ಲ ಅಮ್ಮಾ. ಹೆಸರು ಹಿಡಿದು ಕರೆದು, ಎಂತ ಬೇಕು ಅಂತ ಹೇಳಿದ್ರೆ ಆಯ್ತು.”

ಹೆಸರು ಪರದೇಶದ ಹೆಂಗಸಿನದು. ಗುರುತಿಲ್ಲದ ಹೆಂಗಸನ್ನು ಬರಿ ಹೆಸರು ಹಿಡಿದು ಕರೆಯುವುದು ಹೇಗೆ? ಅತ್ತೆ ಅದರ ಮುಂದೆ ಕೂತು, ಹೆಸರಿಗೆ ‘ಅವರೇ’ ಸೇರಿಸಿ ಕರೆದರು. ಇಡ್ಲಿ ಅಲುಗಲಿಲ್ಲ. ಇನ್ನೊಮ್ಮೆ ಕರೆದರು. “ಕೆಲಸದಲ್ಲಿದ್ದಾರೆ ಕಾಣ್ತದೆ. ಆಮೇಲೆ ಕೇಳುವ” ಎಂದು ಎದ್ದು ಹೋದರು.

ಗಂಡ ಬಹಳ ಹೇಳಿದ ಮೇಲೆ ‘ಅವರೇ’ ಬಿಟ್ಟರು. ಆದರೆ ಉಳಿದದ್ದನ್ನು ಬಿಡಲಿಲ್ಲ. “ದಯವಿಟ್ಟು ವಾರ್ತೆಗಳನ್ನು ಪ್ರಸಾರ ಮಾಡಬೇಕಾಗಿ ವಿನಂತಿ.” ಯಂತ್ರ ಇಂಗ್ಲಿಷಿನಲ್ಲಿ ಸಾರಿ ಕೇಳಿತು, ಆಮೇಲೆ ಮನೆ ಹಾರುವಂತೆ ಒಂದು ಹಿಂದಿ ಕುಣಿತದ ಹಾಡು ಹಾಕಿತು. ಅತ್ತೆ ಹಾಡು ಮುಗಿಯುವವರೆಗೂ ಕೈಕಟ್ಟಿ ಕೂತು ಕೇಳಿ, “ಇದು ಪ್ರದೇಶ ಸಮಾಚಾರ ಅಲ್ಲ” ಎಂದರು.

ಮಾವನಿಗೆ ಮಾತ್ರ ಅದರ ಜೊತೆ ಚೆನ್ನಾಗಿ ಹೊಂದಿಕೆಯಾಯಿತು. ಬಹರೈನಿನ ಇಂಗ್ಲಿಷಿನಲ್ಲಿ “ಟೈಮ್, ಪ್ಲೀಸ್” ಎನ್ನುವುದು, ಅದು ಗಂಟೆ ಹೇಳುವುದು, ಮಾವ “ಥ್ಯಾಂಕ್ಯೂ” ಎನ್ನುವುದು. ಗಂಟೆ ಅದರ ಮುಖದ ಮೇಲೇ ಇತ್ತು, ಆ ಮಾತು ಬೇರೆ. ಈ ಮನೆಯಲ್ಲಿ ಅವರ ಪ್ರಶ್ನೆಗೆ ಅಷ್ಟು ಬೇಗ ಉತ್ತರ ಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ. ಅತ್ತೆ ಸೀರೆ ಬದಲಿಸುವಾಗ ಅದರ ಮೇಲೆ ಟವೆಲು ಹಾಕುತ್ತಿದ್ದರು. “ಕೇಳುವವರು ನೋಡುವುದಿಲ್ಲ ಅಂತ ಯಾರು ಹೇಳಿದ್ದು?”

ಕೊನೆಗೆ ಗಂಡ ಯಾವುದೋ ಉಪಾಯ ಮಾಡಿ, ಯಾರೂ ಕರೆಯದೆಯೇ ದಿನಾ ಬೆಳಿಗ್ಗೆ ಮಂಗಳೂರು ಕೇಂದ್ರ ತಾನಾಗಿ ಬರುವಂತೆ ಹೊಂದಿಸಿದರು. ಅದೇ ಸ್ವರ, ಅದೇ ವಾರ್ತೆ. ಎಲ್ಲರೂ ಅತ್ತೆಯ ಮುಖ ನೋಡಿದೆವು. ಅತ್ತೆಯ ಕಿವಿ ಕಿಟಕಿಯ ಕಡೆಗಿತ್ತು. ಪಕ್ಕದ ಮನೆಯ ಹಟ್ಟಿಯಲ್ಲಿ ಹಾಲು ಕರೆಯುವಾಗ ಹಾಕುವ ರೇಡಿಯೊದಲ್ಲಿ ‘ನಮಸ್ಕಾರ’ ಮೊದಲೇ ಆಗಿಹೋಗಿತ್ತು. ನಮ್ಮದರಲ್ಲಿ ಅದು ಬಂದದ್ದು ಸುಮಾರು ಹೊತ್ತಿನ ಮೇಲೆ.

“ಇದು ತಂಗಳು ವಾರ್ತೆ” ಎಂದರು ಅತ್ತೆ.

“ಸ್ವಲ್ಪ ತಡ ಅಷ್ಟೆ ಅಮ್ಮಾ. ಇಂಟರ್ನೆಟ್‌ನಲ್ಲಿ ಸುತ್ತಿ ಬರ್ಬೇಕಲ್ಲ.”

“ಎಲ್ಲಿಗೆ ಸುತ್ತಿ ಬರುದು?”

“ಯಾರಿಗೆ ಗೊತ್ತು, ಸಿಂಗಾಪುರಕ್ಕೋ, ಅಮೆರಿಕಕ್ಕೋ.”

“ಮಂಗಳೂರಿನಿಂದ ಕಾಪುವಿಗೆ ಬರ್ಲಿಕ್ಕೆ ಅಮೆರಿಕಕ್ಕೆ ಎಂತಕ್ಕೆ ಹೋಗುದು ಮಾರಾಯ? ನೇರ ಬಸ್ಸು ಉಂಟಲ್ಲ.”

ಗಂಡ ಅದರ ವಯರು ಕಿತ್ತು ಮತ್ತೆ ಸಿಕ್ಕಿಸಿದರು. ಅವರ ನೌಕರಿಯೇ ಇಂಟರ್ನೆಟ್ಟಿಗೆ ಸಂಬಂಧಿಸಿದ್ದು. ಸಾದಾ ರೇಡಿಯೊ ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ತಾನು ತಂದದ್ದು ಸರಿಯಾಗಿಲ್ಲ ಎಂದು ಒಪ್ಪುವ ಗಂಡಸು ಆ ಮನೆಯಲ್ಲಿ ಇನ್ನೂ ಹುಟ್ಟಬೇಕಷ್ಟೆ. ಹೊಸ ಯಂತ್ರಕ್ಕೆ ಮಾವನ ಬದಿಯ ಮೇಜಿಗೆ ವರ್ಗವಾಯಿತು.

ಅತ್ತ ಅತ್ತೆ ನನ್ನ ಜೊತೆ ಮೌನವಾಗುತ್ತಾ ಬಂದರು. ಮೊದಲು ಮುಖ್ಯಾಂಶಗಳು ಸಣ್ಣವಾದವು. “ಇಂದಿನ ತಿಂಡಿ…” ಎಂದು ನಿಲ್ಲಿಸಿ, ತಟ್ಟೆಯನ್ನೇ ನನ್ನ ಮುಂದಿಡುತ್ತಿದ್ದರು. ಆಮೇಲೆ ಅದೂ ನಿಂತಿತು. ನನ್ನಿಂದ ಏನೋ ತಪ್ಪಾಗಿದೆ ಎಂದು ನನಗೆ ಗಾಬರಿ. ಗಂಡನ ಹತ್ತಿರ ಹೇಳಿದೆ, ಅವರು ಅಮ್ಮನನ್ನು ಕೇಳಿದರು.

“ರೇಡಿಯೊ ಇಲ್ಲದೆ ಹೊಸ ಶಬ್ದ ಬರುದಿಲ್ಲ, ಹಳೆಯದು ಮರೆತು ಹೋಗ್ತಾ ಉಂಟು” ಎಂದರಂತೆ ಅತ್ತೆ. “ಅವಳು ಕಲಿತವಳು. ನಾನು ತಪ್ಪು ತಪ್ಪು ಮಾತಾಡಿದ್ರೆ ಎಂತ ಎಣಿಸಿಯಾಳು?”

ನನ್ನ ಕನ್ನಡ ಕೇಳಿದರೆ ನಮ್ಮ ಹಾವೇರಿಯ ಮಾಸ್ತರರೇ ತಲೆ ಚಚ್ಚಿಕೊಳ್ಳುತ್ತಿದ್ದರು. ಅದನ್ನು ಅತ್ತೆಗೆ ಹೇಳಲು ಹೋದೆ. ಅವರು ನಕ್ಕು, ಶಂಕರಪುರದ ಮಲ್ಲಿಗೆಯ ಒಂದು ತುಂಡನ್ನು ನನ್ನ ಜಡೆಗೆ ಮುಡಿಸಿ ಒಳಗೆ ಹೋದರು.

ಹೀಗಿರುವಾಗ ಒಂದು ಬೆಳಿಗ್ಗೆ ಅಪ್ಪನ ಫೋನು ಬಂತು. ಅವ್ವ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದಿತ್ತು; ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ್ದರು, ಆಪರೇಶನ್ ಆಗಬೇಕಿತ್ತು. ಗಂಡ ಕೆಲಸದ ಮೇಲೆ ಊರಿನಲ್ಲಿರಲಿಲ್ಲ. ನಾನು ಅಡುಗೆಮನೆಯಲ್ಲಿ ನಿಂತುಕೊಂಡು ಅಳುತ್ತಿದ್ದೆ. ಅತ್ತೆ ಬಂದರು, ಗಂಟಲು ಸರಿಮಾಡಿಕೊಂಡರು. “ನಿಮ್ಮ ತಾಯಿಯವರು ಶೀಘ್ರದಲ್ಲಿ…” ಮುಂದಿನ ಶಬ್ದ ಬರಲಿಲ್ಲ. ಸ್ವಲ್ಪ ಹೊತ್ತು ಹುಡುಕಿದರು. ಆಮೇಲೆ ಹುಡುಕುವುದನ್ನು ಬಿಟ್ಟು ಒಳಗೆ ಹೋಗಿ, ಎರಡು ಸೀರೆ ತುಂಬಿದ ಚೀಲ ಹಿಡಿದುಕೊಂಡು ಹೊರಗೆ ಬಂದು ಚಪ್ಪಲಿ ಮೆಟ್ಟಿ ನಿಂತರು.

ಹುಬ್ಬಳ್ಳಿಯ ಬಸ್ಸಿನಲ್ಲಿ ಅತ್ತೆ ನನ್ನನ್ನು ಕಿಟಕಿಯ ಬದಿಗೆ ಕೂರಿಸಿದರು. ಘಟ್ಟ ಹತ್ತುವಾಗ ನನಗೆ ವಾಂತಿ ಬಂದ ಹಾಗಾದಾಗ ಬೆನ್ನು ನೀವಿದರು.

ಆಪರೇಶನ್ ಆದ ಮರುದಿನ ಅವ್ವನನ್ನು ನೋಡಲು ಒಳಗೆ ಬಿಟ್ಟರು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಯಾರ ಜೊತೆಯೂ ಮಾತು ಬೇಡ ಅಂತಾಳೆ, ಗಂಜಿಯನ್ನೂ ಮುಟ್ಟಿಲ್ಲ ಎಂದು ಅಪ್ಪ ಹೇಳಿದ. ಅತ್ತೆ ಮಂಚದ ಅಂಚಿನಲ್ಲಿ ಕೂತು ಅವ್ವನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ತುಳುವಿನಲ್ಲಿ ಶುರು ಮಾಡಿದರು. ಬೇಲಿಯ ಹತ್ತಿರ ಮಾತಾಡುವ ತುಳುವೇ, ಸ್ವರ ಮಾತ್ರ ಇಳಿದಿತ್ತು. ನನಗೆ ಅರ್ಧ ಅರ್ಥವಾಯಿತು. ತಾನು ಎಂದೋ ಬಾವಿಕಟ್ಟೆಯಲ್ಲಿ ಬಿದ್ದದ್ದು, ಆಗ ಗಂಡ ಬಹರೈನಿನಲ್ಲಿದ್ದದ್ದು, ಮಲಗಿದಲ್ಲಿಂದಲೇ ಮಕ್ಕಳನ್ನು ಶಾಲೆಗೆ ಕಳಿಸಿದ್ದು. ಅವ್ವ ಮುಖ ತಿರುಗಿಸಿದಳು. “ಹೌದ್ರೀ” ಎಂದಳು. ಆಮೇಲೆ ತನ್ನ ಕಥೆ ತೆಗೆದಳು, ಅಪ್ಪಟ ಹಾವೇರಿ ಮಾತಿನಲ್ಲಿ. ಅತ್ತೆ ‘ಅಂದ್, ಅಂದ್’ ಎಂದು ತುಳುವಿನಲ್ಲಿ ಹೌದುಗುಟ್ಟುತ್ತಾ ಚಮಚದಿಂದ ಗಂಜಿ ಕುಡಿಸಿದರು. ಬಟ್ಟಲು ಖಾಲಿಯಾಗುವವರೆಗೂ ಇಬ್ಬರ ಮಾತೂ ನಿಲ್ಲಲಿಲ್ಲ.

ಅತ್ತೆ ಬಟ್ಟಲು ತೊಳೆಯಲು ಹೊರಗೆ ಹೋದಾಗ ನಾನು ಅವ್ವನ ಹತ್ತಿರ ಕೂತೆ.

“ಅವ್ವಾ, ಅತ್ತಿ ಏನಂದ್ರು?”

“ಯಾರಿಗ್ಗೊತ್ತವ್ವಾ.”

“ಮತ್ತ ಇಷ್ಟೊತ್ತು ಹೌದ್ರೀ ಹೌದ್ರೀ ಅಂತಿದ್ದಿ?”

ಅವ್ವ ಬಾಗಿಲ ಕಡೆ ನೋಡುತ್ತಿದ್ದಳು.

“ನಾಳಿಗೂ ಬರ್ತಾರೇನು, ಕೇಳು” ಎಂದಳು.